ಮುದಕಮ್ಮ ನೆಕ್ಕಿದ ಗೋಡೆ

ಕುಕನೂರು ಸೀಮೆಯಲ್ಲಿ ಮುದಕಮ್ಮನ ನಾಲಿಗೆಗೆ ಹೆದರದ ಗೋಡೆಯಿಲ್ಲ. ಮಣ್ಣಿನ ಗೋಡೆ ಮೆತ್ತುವ ಈ ಅರವತ್ತರ ಹೆಣ್ಣುಮಗಳು ಕೆಲಸ ಹಿಡಿಯುವ ಮೊದಲು ಗೋಡೆಯನ್ನು ಒಮ್ಮೆ ನೆಕ್ಕಿ ನೋಡುತ್ತಾಳೆ. ಅವಳು ಬರುವುದನ್ನು ಕಂಡೇ ಯಲಬುರ್ಗಾದ ವಾಡೆಯೊಂದರ ಬಿರುಕು ಬಾಯಿ ಮುಚ್ಚಿಕೊಂಡಿತು ಎನ್ನುವವರಿದ್ದಾರೆ. ನಾನೇ ಎರಡು ಸಲ ಅಂದಿದ್ದೇನೆ.

ಇಂಥ ವೀರಮಾತೆಗೆ ನಮ್ಮೂರ ಮಣ್ಣಿನ ಚರ್ಚಿನಿಂದ ಕರೆ ಬಂತು. ತೊಂಬತ್ತು ವರ್ಷದ ಕಟ್ಟಡ, ಎರಡು ಮೊಳ ದಪ್ಪದ ಗೋಡೆ. ಆರು ವರ್ಷದ ಹಿಂದೆ ಚೆಂದಕ್ಕೆಂದು ಅದಕ್ಕೆ ಸಿಮೆಂಟ್ ಗಿಲಾವು ಮಾಡಿಸಿದ್ದರು. ಈ ಬೇಸಿಗೆಯಲ್ಲಿ, ಬಾವಿಗಳೇ ಬತ್ತಿರುವಾಗ, ಪೀಠದ ಹಿಂದಿನ ಗೋಡೆ ಬೆವರತೊಡಗಿತು. ಹಸಿ ಕಲೆ ಮೊದಲು ಪಾದದಷ್ಟಿತ್ತು. ಮರುವಾರ ಮೊಣಕಾಲು. ಆಮೇಲೆ ಸೊಂಟ, ಹೆಗಲು. ಕಳೆದ ಭಾನುವಾರ ತಲೆಯೂ ಮೂಡಿತು. ಜನ ಹಾಡನ್ನು ಅರ್ಧಕ್ಕೆ ಬಿಟ್ಟು, ಚಪ್ಪಲಿ ಮರೆತು ಓಡಿದರು.

ಮಂಗಳವಾರ ಜೆಸಿಬಿ ತರಿಸಿ ಕೆಡವುವುದೆಂದು ಹಿರಿಯರು ನಿಶ್ಚಯಿಸಿದರು. ಅದಕ್ಕೆ ಮೊದಲು ಮುದಕಮ್ಮನಿಗೆ ತೋರಿಸಲು ಪಾಸ್ಟರ್ ದೇವಪುತ್ರಪ್ಪ ಒಂದೇ ಒಂದು ದಿನ ಬೇಡಿಕೊಂಡರು. ಅವರ ಅಜ್ಜ ಆ ಗೋಡೆಗೆ ಮಣ್ಣು ತುಳಿದವರು.

ಸೋಮವಾರ ಮಧ್ಯಾಹ್ನ ಮುದಕಮ್ಮ ಆ ಹಸಿ ಆಕೃತಿಯ ಎದೆಗೆ ನೇರ ನಾಲಿಗೆ ಇಟ್ಟಳು.

"ದೆವ್ವ ಬಡಕೊಂಡೀತು ಬೇ!" ಎಂದು ಬಾಗಿಲಾಚೆಯಿಂದ ಹಿರಿಯ ದುರಗಪ್ಪ ಕೂಗಿದ.

"ಬಡಕೊಳ್ಳಿ ಬಿಡು. ಬಾಗಿಲದಾಗ ನಿಂತ ಗಂಡಸಿಗಿಂತ ಅದ ಛಲೋ," ಎಂದು ಅವಳು ಉಗುಳಿದಳು. "ಬೋರಿನ ಸವಳು ನೀರು ಇದು. ಸಿಮೆಂಟ್ ಕೆತ್ರಿ."

ಪಾಸ್ಟರರೇ ಉಳಿ ಹಿಡಿದರು. ನಾಲ್ಕನೇ ಏಟಿಗೆ ಆಳೆತ್ತರದ ಸಿಮೆಂಟ್ ಹೆಕ್ಕಳೆ ಮೇಲಿನ ಮಣ್ಣಿನ ಪದರವನ್ನೂ ಕಿತ್ತುಕೊಂಡು ಕಳಚಿ ಬಿತ್ತು. ಗೋಡೆ ನಿಡಿದಾಗಿ ಉಸಿರು ಬಿಟ್ಟಿತು. ಆ ತಣ್ಣನೆಯ ಗಾಳಿಗೆ ಪೀಠದ ಮೇಲಿನ ಎರಡೂ ಮೇಣದಬತ್ತಿ ಆರಿದವು. ಧೂಳು ಇಳಿದಾಗ ಒದ್ದೆ ಮಣ್ಣಿನಲ್ಲಿ ಒಂದು ಅಂಗೈ ಕಂಡಿತು. ಅದರ ಪಕ್ಕ ಇನ್ನೊಂದು. ಕಣ್ಣು ಹಾಯಿಸಿದಷ್ಟೂ ಅಂಗೈಗಳೇ, ಐದೂ ಬೆರಳು ಅಗಲಿಸಿಕೊಂಡು. ಮುದಕಮ್ಮ ಒಂದರ ಮೇಲೆ ತನ್ನ ಕೈ ಇಟ್ಟಳು. ಬೆರಳಿಗೆ ಬೆರಳು, ಗೆರೆಗೆ ಗೆರೆ ಕೂಡಿತು.

ದುರಗಪ್ಪ ಮೊಣಕಾಲೂರಿದ. ಪಾಸ್ಟರ್ ಉಳಿ ಕೆಳಗಿಟ್ಟು ಕೇಳಿದರು:

"ಯಮ್ಮಾ... ಇವು ಯಾರ ಕೈ?"

"ನನ್ನ ಕೈನ ರೀ. ಲಗ್ನ ಆಗಿ ಬಂದ ವರ್ಷ ನಾನ ಮೆತ್ತಿದ್ದೆ. ಮ್ಯಾಲಿನ ಮಣ್ಣು ಹಿಡೀಲಿ ಅಂತ ಅಂಗೈ ಒತ್ತೇನಿ. ಗ್ವಾಡಿ ಗಟ್ಟಿ ಐತಿ. ಜೆಸಿಬಿ ಬ್ಯಾಡ ಅನ್ರಿ, ಹಿಂದ ಬೋರಿನ ಪೈಪ್ ಒಡದೈತಿ, ನಳದಾವನ್ನ ಕರೀರಿ."