ಯಾರ ಕಾಗದವನ್ನೂ ತಿರುಗಿಸದ ಯಂತ್ರ

ದಿಂಡಿಗಲ್ಲಿನಲ್ಲಿ ಅಕ್ಕನ ಆಫೀಸು ಒಂದು ಬೀಗದ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗೆ ದಿನವಿಡೀ ಅರ ಉಜ್ಜುವ ಸದ್ದು. ಮೇಲೆ ಒಂದು ಸರ್ವರ್, ಮದುರೈವರೆಗೆ ಹೋಗುವ ಒಂದು ಖಾಯಂ ಲೈನು, ನಾವಿಬ್ಬರು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ವ್ಯಾಪಾರಿಗಳ ಹೆಸರು, ಸರಕಿನ ಚಿತ್ರ, ಫೋನ್ ನಂಬರು ಇರುವ ಪುಟಗಳನ್ನು ಮಾಡಿ ಆ ಸರ್ವರಿನಲ್ಲಿ ಇಡುವುದು ನಮ್ಮ ಕೆಲಸ. ನಾನು ಎಂ.ಸಿ.ಎ. ಮುಗಿಸಿ ಅಲ್ಲಿಗೆ ಬಂದಿದ್ದೆ.

ಅಪ್ಪ ಅಕ್ಕನಿಗೆ ಕೊಟ್ಟಿದ್ದ ಗಡುವು ಒಂದು ವರ್ಷ. ಅಷ್ಟರಲ್ಲಿ ಆಫೀಸು ನೆಲೆ ನಿಲ್ಲದಿದ್ದರೆ ಅವಳು ನಮ್ಮೂರು ಕಂಬಂಗೆ ಹಿಂದಿರುಗಿ, ಬಂದ ಸಂಬಂಧಕ್ಕೆ ತಲೆಯಾಡಿಸಬೇಕು. ಒಂದು ವರ್ಷವೋ, ಒಂದೂವರೆಯೋ? ಅಪ್ಪ ಅದನ್ನು ಹೇಳಿದಾಗ ನಾನು ಎದುರಿಗಿದ್ದೆ ಎಂದು ಬಹಳ ಕಾಲ ನಂಬಿದ್ದೆ. ಇರಲಿಲ್ಲವಂತೆ.

ಗಿರಾಕಿಗಳಲ್ಲಿ ದೊಡ್ಡವರು ಒಂದು ತೊಗಲು ಹದಮಾಡುವ ಕಾರ್ಖಾನೆಯ ಯಜಮಾನರು. ನಾವು ಅವರನ್ನು ಭಾಯ್ ಎನ್ನುತ್ತಿದ್ದೆವು. "ಪುಟ ನೋಡಿದವನು ನನಗೆ ಬರೀಬೇಡ್ವಾಮ್ಮಾ? ಬೋರ್ಡು ಹಾಕಿ ಬಾಗಿಲೇ ಇಡದ ಅಂಗಡಿ ಆಯ್ತು ನಂದು," ಎಂದು ತಮಿಳಿನಲ್ಲಿ ಛೇಡಿಸಿದರು. ಬೀಗದವರು ಬೇರೆ, ತಮ್ಮ ಹೊಸ ಚಿತ್ರಗಳನ್ನು ತಾವೇ ಏರಿಸುವಂತಿರಬೇಕು ಎಂದು ಕೇಳುತ್ತಿದ್ದರು. ಇನ್ನೊಂದು ಯಂತ್ರ ತರುವ ಮಾತೇ ಇರಲಿಲ್ಲ. ಪುಟ ತೋರಿಸುತ್ತಿದ್ದ ಸರ್ವರಿಗೇ ಚಿತ್ರ ಏರಿಸಲು ಎಫ್‌ಟಿಪಿ, ಕಾಗದಗಳಿಗೆ ಮೇಲ್, ಎರಡನ್ನೂ ಸೇರಿಸಬೇಕಾಯಿತು.

ಎಫ್‌ಟಿಪಿ ಒಂದು ಬೆಳಿಗ್ಗೆಯಲ್ಲಿ ಮುಗಿಯಿತು. ಮೇಲ್ ಹಟ ಹಿಡಿಯಿತು. ಭಾಯ್ ತಮ್ಮ ಮನೆಯಿಂದ ಬೇರೆ ಯಾರದೋ ಇಂಟರ್‌ನೆಟ್ ಲೈನಿನಲ್ಲಿ ಡಯಲ್ ಮಾಡಿ ಬರುತ್ತಿದ್ದರು, ಪ್ರತಿ ಸಲವೂ ಅವರ ಕಂಪ್ಯೂಟರಿಗೆ ಬೇರೆ ವಿಳಾಸ. ನಾನು ಹಾಕಿದ ಹೊಸ ಮೇಲ್ ಪ್ರೋಗ್ರಾಂ ಹೊರಗಿನವರು ಹೊರಗಿನವರಿಗೆ ಬರೆದ ಕಾಗದವನ್ನು ಮುಟ್ಟುತ್ತಿರಲಿಲ್ಲ. ಅದರ ಕಣ್ಣಿಗೆ ಭಾಯ್ ಹೊರಗಿನವರು. ಅವರು ಇಟಲಿಗೆ ಬರೆದದ್ದು ವಾಪಸು ಹೋಯಿತು. ಫೋನಿನಲ್ಲಿ ಅವರ ದನಿ ನನ್ನ ಕುರ್ಚಿಯವರೆಗೂ ಕೇಳಿಸಿತು.

ಕಂಬಂನಲ್ಲಿ ನಮ್ಮ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ. ಸುತ್ತಲಿನ ಹಳ್ಳಿಯವರು, ಬೆಟ್ಟದ ಎಸ್ಟೇಟಿನವರು ಜಗಲಿಯ ಮೇಲೆ ಗಂಟು ಇಟ್ಟು, "ಗೂಡಲೂರು ಬಸ್ಸಿಗೆ ಹಾಕ್ಬಿಡಿ" ಎಂದು ಹೇಳಿ ಹೋಗುತ್ತಿದ್ದರು. ಒಳಗೇನಿದೆ, ನೀನ್ಯಾರು ಎಂದು ಕೇಳುವುದು ನಮ್ಮ ಕನ್ನಡದ ಮನೆಗಳಲ್ಲಿ ಅಮರ್ಯಾದೆ. ಅಕ್ಕ, ನಾನು ಇಬ್ಬರೂ ಆ ಗಂಟುಗಳನ್ನು ಹೊತ್ತು ಬಸ್ಸಿಗೆ ಓಡಿ ಬೆಳೆದವರು.

"ಯಾರ್ದು ಅಂತ ಕೇಳ್ತದಾ ಈ ಮಿಷಿನ್ನು?" ಅಕ್ಕ ಮನೆಯ ಮಾತಿಗೆ ತಿರುಗಿದಳು.

"ಕೇಳ್ತದೆ. ವರಗ್ನವ್ರು ಅಂದ್ರೆ ತಿರುಗ್ಸಿಬುಡ್ತದೆ."

"ಭಾಯ್ ವರಗ್ನವ್ರಾ?"

"ಅವ್ರ ಮೊಕ ಅದ್ಕೆ ಗೊತ್ತಾಗಲ್ಲಕ್ಕಾ. ದಿನಾ ಬ್ಯಾರೆ ವಿಳಾಸದಾಗೆ ಬತ್ತಾರೆ."

"ಅಂಗಾರೆ ಯಾರ್ನೂ ಕೇಳ್ಬ್ಯಾಡ ಅಂತ ಯೋಳು ಅದ್ಕೆ. ಕೊಟ್ಟಿದ್ದ ಕಳ್ಸಾದು, ಅಷ್ಟೇಯ. ಅವ್ವ ಒಂದಿನಾನಾದ್ರೂ ಕೇಳಿದ್ಲಾ?"

"ಕೆಟ್ಟವ್ರು ಬಂದ್ರೆ?"

"ಬೀಗದಂಗಡಿ ಮ್ಯಾಲಕ್ಕೆ ಯಾವ ಕಳ್ಳ ಬತ್ತಾನೆ? ಸುಮ್ನೆ ಪಯಪಡ್ಬ್ಯಾಡ್ವೇ."

'ಕೆಟ್ಟವ್ರು ಬಂದ್ರೆ' ಎಂದು ನಾನು ಕೇಳಿದ್ದು ನಿಜವೆ? ಅಕ್ಕನಿಗೆ ನೆನಪಿಲ್ಲ. ನನ್ನ ನೆನಪು ಯಾವಾಗಲೂ ನನ್ನ ಪಕ್ಷ ವಹಿಸುವುದರಿಂದ ಅದರ ಸಾಕ್ಷಿಯನ್ನು ಪೂರ್ತಿ ಒಪ್ಪಲಾರೆ. ಕೇಳಿದ್ದರೂ ಇಲ್ಲದಿದ್ದರೂ ಆಫೀಸು ಅವಳದು, ಯಂತ್ರ ಎಲ್ಲರಿಗೂ ತೆರೆದುಕೊಂಡಿತು.

ಕೆಲವು ವಾರ ಎಲ್ಲವೂ ಸರಾಗ. ಇಟಲಿಯ ಗಿರಾಕಿ ಮಾದರಿ ಕೇಳಿ ಬರೆದ, ನೋಡಿ ಮೆಚ್ಚಿದ. ಆಮೇಲೆ ಪುಟಗಳು ನಿಧಾನವಾದವು. ಡಿಸ್ಕಿನ ದೀಪ ಆರುತ್ತಲೇ ಇರಲಿಲ್ಲ. ಹೋಗಬೇಕಾದ ಕಾಗದಗಳ ಸಾಲನ್ನು ತೆರೆದು ನೋಡಿದರೆ ಅದರ ಕೊನೆ ಕಾಣಲಿಲ್ಲ. ಬರೆದವರು ಗೊತ್ತಿಲ್ಲ, ಪಡೆಯುವವರೂ ಗೊತ್ತಿಲ್ಲ. ತೂಕ ಇಳಿಸುವ ಮಾತ್ರೆ, ಕೂತಲ್ಲೇ ಶ್ರೀಮಂತರಾಗುವ ಉಪಾಯ. ಏನನ್ನೂ ಕೇಳದ ಯಂತ್ರವೊಂದು ಇದೆಯೆಂದು ಎಲ್ಲಿಯೋ ಯಾರಿಗೋ ಗೊತ್ತಾಗಿತ್ತು.

ಮರುದಿನ ಭಾಯ್ ಮೊದಲ ಬಾರಿಗೆ ನಮ್ಮ ಮೆಟ್ಟಿಲು ಹತ್ತಿದರು. ಕಸದ ಮೇಲ್ ಸಾಗಿಸುವ ಯಂತ್ರಗಳ ಪಟ್ಟಿಗೆ ನಮ್ಮ ವಿಳಾಸ ಸೇರಿತ್ತು. ಆ ಪಟ್ಟಿ ನೋಡಿ ಇಟಲಿಯ ಸರ್ವರ್ ಅವರ ಕಾಗದವನ್ನು ತಿರಸ್ಕರಿಸಿತ್ತು. ಆ ವಾರದೊಳಗೆ ಒಪ್ಪಿಗೆ ತಲುಪದಿದ್ದರೆ ಆರ್ಡರು ಬೇರೆಯವರ ಪಾಲು.

"ತೊಗಲನ್ನ ಸುಣ್ಣದ ತೊಟ್ಟಿಗೆ ಹಾಕೋದು ನನ್ನ ಕೆಲಸ ಕಣಮ್ಮಾ. ನನ್ನ ಹೆಸರನ್ನ ಹಾಕೋಕೆ ನಿಮಗೆ ಯಾರು ಹೇಳಿದ್ದು?"

ಅಕ್ಕ ಸಮಜಾಯಿಷಿ ಹೇಳಲಿಲ್ಲ. "ತಪ್ಪು ನಮ್ದು, ಭಾಯ್. ಮೊದಲು ನಿಮ್ಮ ಒಪ್ಪಿಗೆ ಫ್ಯಾಕ್ಸ್ ಮಾಡೋಣ, ಆಮೇಲೆ ಬೈಯಿರಿ," ಎಂದು ಅವರ ಜೊತೆಗೇ ಇಳಿದು ಎಸ್‌ಟಿಡಿ ಬೂತಿಗೆ ಹೋದಳು. ನಾನು ಮೇಲ್ ನಿಲ್ಲಿಸಿ ಆ ರಾಶಿಯೊಳಗೆ ನಮ್ಮ ಗಿರಾಕಿಗಳ ನಿಜವಾದ ಕಾಗದಗಳನ್ನು ಹುಡುಕುತ್ತ ಕೂತೆ. ಎದ್ದು ಕಿಟಕಿಗೆ ಹೋಗುವುದು, ಮತ್ತೆ ಬಂದು ಕೂರುವುದು. ಫ್ಯಾಕ್ಸ್ ಹೋಯಿತೋ ಇಲ್ಲವೋ ಎಂದು ಮೆಟ್ಟಿಲಿನ ಸದ್ದಿಗೆ ಕಿವಿ.

ಹೋಗಿತ್ತು. ಆದರೆ ಭಾಯ್ ತಮ್ಮ ಮೇಲನ್ನು ಮದುರೈಯ ಕಂಪನಿಯೊಂದಕ್ಕೆ ಕೊಡುವುದಾಗಿ ಹೇಳಿ ಹೋಗಿದ್ದರು. ಪುಟ ಮಾತ್ರ ನಮ್ಮಲ್ಲಿ, ಅದೂ ಸದ್ಯಕ್ಕೆ.

ಅಷ್ಟರಲ್ಲಿ ನನಗೊಂದು ದಾರಿ ಸಿಕ್ಕಿತ್ತು. ಗಿರಾಕಿ ಮೊದಲು ಪಾಸ್‌ವರ್ಡ್ ಕೊಟ್ಟು ತನಗೆ ಬಂದ ಮೇಲನ್ನು ತೆಗೆದುಕೊಳ್ಳಬೇಕು. ಆಮೇಲೆ ಸ್ವಲ್ಪ ಹೊತ್ತು, ಆಗ ಅವನ ಕಂಪ್ಯೂಟರಿಗಿದ್ದ ವಿಳಾಸದಿಂದ ಬಂದ ಕಾಗದವನ್ನು ಮಾತ್ರ ಯಂತ್ರ ಸಾಗಿಸುತ್ತದೆ. ಅಕ್ಕ ಕೇಳಿಸಿಕೊಂಡಳು. ಕೂಡಲೇ ಕಂಬಂಗೆ, ಅಪ್ಪನಿಗೆ ಫೋನ್ ಮಾಡಿದಳು. ನನಗೆ ಕೇಳಿಸಿದ್ದು ಅವಳ ಕಡೆಯದು ಮಾತ್ರ.

"ಇಲ್ಲಪ್ಪಾ, ದೊಡ್ಡ ಗಿರಾಕೀನೇ ಓದ್ರು... ಊಂ, ನಮ್ದೇ ತಪ್ಪು... ಮುಚ್ಚಾಕಿಲ್ಲ... ಬರಾಕಿಲ್ಲಪ್ಪಾ, ಗಡುವು ಮುಗುದ್ರೂ ಬರಾಕಿಲ್ಲ."

ಫೋನ್ ಇಟ್ಟು ನನ್ನ ಕಡೆ ತಿರುಗಿದಳು. "ಆಗ ಯೋಳಿದ್ಯಲ್ಲ, ಅಂಗೇ ಮಾಡು. ಮಿಕ್ಕವ್ರಿಗೆ ನಾನು ಯೋಳ್ತೀನಿ."

ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಕೆಳಗಿನ ಬೀಗದ ವ್ಯಾಪಾರಿ ಖುದ್ದಾಗಿ ಮೇಲೆ ಬಂದರು. "ಪ್ರತಿ ಸಲ ಪಾಸ್‌ವರ್ಡಾ? ನಮ್ಮ ಮೇಲೆ ನಂಬಿಕೆ ಇಲ್ವಾಮ್ಮಾ?"

"ಬೀಗ ಮಾರೋರು ಕೇಳೋ ಮಾತಾಣ್ಣಾ ಇದು?"

ಅವರು ಗಟ್ಟಿಯಾಗಿ ನಕ್ಕರು. ಅವರು ಉಳಿದರು, ಅವರ ಮಾತಿನ ಮೇಲೆ ಇನ್ನೂ ಕೆಲವರು ಉಳಿದರು. ಅಕ್ಕ ನಗಲಿಲ್ಲವೆಂದು ನನ್ನ ನೆನಪು.

ಮರುದಿನ ಬೆಳಿಗ್ಗೆ ಕಾಗದಗಳ ಸಾಲು ಖಾಲಿಯಿತ್ತು. ಆ ಖಾಲಿಯನ್ನು ನಂಬಲಾಗಲಿಲ್ಲ. ಬ್ರೌಸಿಂಗ್ ಸೆಂಟರಿಗೆ ನಡೆದು, ಪಾಸ್‌ವರ್ಡ್ ಕೊಡದೆ, ಅಪರಿಚಿತಳಂತೆ ನಮ್ಮದೇ ಯಂತ್ರಕ್ಕೆ ಇನ್ನೆಲ್ಲಿಗೋ ಹೋಗಬೇಕಾದ ಒಂದು ಕಾಗದ ಒಪ್ಪಿಸಿದೆ. ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಇಲ್ಲ. ಹಿಂದಿರುಗಿದಾಗ ಅಕ್ಕ ಪರದೆಯ ಮುಂದೆ ನಿಂತಿದ್ದಳು.

"ಯಾರೋ ಬಂದಿದ್ರು, ಮಿಷಿನ್ನು ತಿರುಗ್ಸಿಬುಟ್ಟದೆ," ಎಂದಳು.

"ಅದು ನಾನೇ, ಅಕ್ಕಾ."

ಅವಳು "ಸರಿ, ಇರ್ಲಿ," ಎಂದು ಕುರ್ಚಿ ಎಳೆದುಕೊಂಡು ದಿನದ ಕೆಲಸಕ್ಕೆ ಕೂತಳು.