ಗೇಟಿನ ಮುಂದಿನ ಹೊಗೆ ಬೋರ್ಡು

ಅಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಮ್ಯಾನೇಜರ್, ನಾನು ಮತ್ತು ನಮ್ಮ ಪಕ್ಕದ ಮನೆಯ ಶಾವಿಗೆ ಅಜ್ಜಿ ಇದ್ದೆವು. ಅಂಗಳದಲ್ಲಿ ಒಣಹಾಕಿದಾಗ ಚಿಮಣಿಯ ಬೂದಿ ಬಿದ್ದು ಕಪ್ಪಾದ ಅಜ್ಜಿಯ ಶಾವಿಗೆಯನ್ನು ಲೋಕಾಪುರದ ಸಂತೆಯಲ್ಲಿ ಯಾರೂ ಕೊಳ್ಳುತ್ತಿರಲಿಲ್ಲ. ಏನು ಕಂಡರೂ ಕಣ್ಣು ಕಿರಿದು ಮಾಡಿ, "ಇದು ಯಾರಿಗೆ ತೋರಸಾಕ?" ಎನ್ನುವುದು ಅವರ ರೂಢಿ.

"ನಾವು ಏನೂ ಮುಚ್ಚಿಡೂದಿಲ್ಲರೀ. ಹೊಗಿ ಎಷ್ಟು ಬಿಡ್ತೇವಿ ಅಂತ ದಿನಾ ಈ ಬೋರ್ಡಿನ್ಯಾಗ ತೋರಸ್ತೇವಿ," ಎಂದರು ಮ್ಯಾನೇಜರ್, ಹೊಳೆಯುವ ಹಸಿರು ಅಂಕಿಗಳತ್ತ ಕೈಮಾಡಿ.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. "ಕಬ್ಬು ಮುಗದು ಚಿಮಣಿ ಆರಿ ವಾರಾತಲ್ಲೋ ತಮ್ಮಾ, ನಿನ್ನ ಬೋರ್ಡು ಇನ್ನೂ ಸೇದಾಕತ್ತೈತಿ!"

"ಅದು ಸರಾಸರಿರೀ, ಅವ್ವಾರ."

"ನನ್ನ ಶಾವಿಗಿ ಮ್ಯಾಲಿನ ಬೂದಿನೂ ಸರಾಸರಿ ಏನು?"

ಮ್ಯಾನೇಜರ್ ಫೋನು ಕಿವಿಗಿಟ್ಟು ಒಳನಡೆದರು.

ಮುಂದಿನ ಹಂಗಾಮಿಗೆ ಮೊದಲು ಆ ಬೋರ್ಡನ್ನು ಕಿತ್ತು ಕಾಂಪೌಂಡಿನ ಒಳಗೆ ನೆಟ್ಟರು. ಅಜ್ಜಿ ಶಾವಿಗೆಯನ್ನು ಮನೆಯೊಳಗೆ, ಮಂಚದ ಮೇಲೆ ಒಣಹಾಕತೊಡಗಿದರು.