ತಿಮ್ಮಮ್ಮನ ದನಿಯಿದ್ದ ಡಿಸ್ಕು

ಕಲ್ಯ ಎಂಬ ಹಳ್ಳಿಗೆ ಸೊಸೆಯಾಗಿ ಬಂದಾಗ ಅನುಷಾಳಿಗೆ ಕುರಿಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಬಿಡದಿಯಲ್ಲಿ ಅಪ್ಪನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಳೆದವಳು. ಯಾವ ಸ್ಕ್ರೂ ಎಲ್ಲಿಯದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಯಾವ ಮರಿ ಯಾವ ತಾಯಿಯದೆಂದು ಮಾತ್ರ ತಿಳಿಯುತ್ತಿರಲಿಲ್ಲ. ಅದನ್ನು ಕಲಿಸಿದವಳು ಅತ್ತೆ ತಿಮ್ಮಮ್ಮ. ಸಂಜೆ ಕುರಿ ರೊಪ್ಪದ ಬಾಗಿಲಲ್ಲಿ ನಿಂತು "ಉರ್ರ್... ಬಾ ಬಾ ಬಾ" ಎಂದು ಆಕೆ ಕೂಗಿದರೆ ದೂರದ ಬೀಳಿನಲ್ಲಿ ಚದುರಿದ್ದ ಮಂದೆ ಒಟ್ಟಿಗೇ ಕತ್ತೆತ್ತುತ್ತಿತ್ತು. ಅನುಷಾ ಕೂಗಿದರೆ ಒಂದೂ ಅಲುಗುತ್ತಿರಲಿಲ್ಲ.

"ನಿನ್ ಗಂಟ್ಲಲ್ಲಿ ಒಸಿ ಬಿಡ್ದಿ ಐತೆ ಕಣವ್ವ. ಇಳೀತದೆ ಬುಡು" ಎಂದು ತಿಮ್ಮಮ್ಮ ನಗುತ್ತಿದ್ದಳು.

ಗುಡ್ಡದ ಚಿರತೆ ಮರಿಗಳನ್ನು ಹೊತ್ತೊಯ್ದ ವರ್ಷ ಅನುಷಾ ರೊಪ್ಪದ ಕಲ್ಲುಗೋಡೆಗೆ ಕ್ಯಾಮೆರಾ ಹಾಕಿಸಿದಳು. ಅದರಲ್ಲಿ ಮೈಕು, ಸಣ್ಣ ಸ್ಪೀಕರು ಎರಡೂ ಇದ್ದವು. ಕಂಡದ್ದು, ಕೇಳಿದ್ದು ಎಲ್ಲ ಮನೆಯ ಅಟ್ಟದ ಮೇಲಿದ್ದ ಕಪ್ಪು ಡಬ್ಬಿಗೆ ಹೋಗಿ ಸೇರುತ್ತಿತ್ತು. ರಾಮನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅದ್ನಾನ್ ಹೊಂದಿಸಿಕೊಟ್ಟ ಸ್ಟೋರೇಜ್ ಸರ್ವರ್ ಅದು. ಒಳಗೆ ಎರಡು ಹಾರ್ಡ್ ಡಿಸ್ಕ್. ಒಂದು ಮನೆಯ ಫೋಟೊಗಳಿಗೆ, ಇನ್ನೊಂದು ರೊಪ್ಪದ ವಿಡಿಯೊಗಳಿಗೆ.

ತಿಮ್ಮಮ್ಮನಿಗೆ ಆ ಕ್ಯಾಮೆರಾ ಆಟದ ವಸ್ತುವಾಯಿತು. ಕುರಿ ಕೂಡಿಹಾಕಿದ ಮೇಲೆ ಅದರೆದುರು ನಿಂತು "ಅನೂ, ನಾನ್ ಕಾಣ್ತೀನಾ?" ಎನ್ನುವಳು. ಅಡುಗೆಮನೆಯಿಂದ ಅನುಷಾ ಫೋನಿನಲ್ಲೇ "ಕಾಣ್ತೀರಾ ಅತ್ತೆ" ಎಂದರೆ ಗೋಡೆಯಿಂದ ಸೊಸೆಯ ದನಿ ಬಂದದ್ದಕ್ಕೆ ಆಕೆ ಪ್ರತಿ ಸಲವೂ ಬೆಚ್ಚಿ, ಬಾಯಿಗೆ ಸೆರಗಿಟ್ಟು ನಗುವಳು.

ಕಾರ್ತೀಕದಲ್ಲಿ ತಿಮ್ಮಮ್ಮ ಜ್ವರ ಬಂದು ಮಲಗಿದಳು, ಏಳಲಿಲ್ಲ. ಆಕೆ ಕೊನೆಯ ಸಲ ಕುರಿ ಕೂಗಿದ ಸಂಜೆಯ ವಿಡಿಯೊವನ್ನು ಅನುಷಾ ಅದೇ ಡಿಸ್ಕಿನಲ್ಲಿ ಬೇರೆಯಾಗಿ ತೆಗೆದಿಟ್ಟಳು. ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಕುರಿಗಳ ನಡವಳಿಕೆ ಬದಲಾಯಿತು. ದೀಪ ಹಚ್ಚುವ ಹೊತ್ತಿಗೆ ಮೆಲುಕು ನಿಲ್ಲಿಸಿ ಇಡೀ ಮಂದೆ ಕ್ಯಾಮೆರಾ ಇದ್ದ ಗೋಡೆಯ ಕಡೆ ತಿರುಗುತ್ತಿತ್ತು. ಕಿವಿ ನೆಟ್ಟಗೆ, ಕಣ್ಣು ಮಿಟುಕಿಸದೆ. ಅನುಷಾಳ ಗಂಡ ಚಿಕ್ಕರಾಜು ಹಾವಿರಬಹುದೆಂದು ಗೋಡೆಯ ಸಂದುಗೊಂದಿಗೆಲ್ಲ ಕೋಲು ಹಾಕಿ ಕೆದಕಿದ. ಏನೂ ಸಿಗಲಿಲ್ಲ. ಅವನಪ್ಪ ಹೊನ್ನಯ್ಯ ಮಾತ್ರ ಕುರಿಗಳ ನಡುವೆ ಒಂದು ಕಲ್ಲಿನ ಮೇಲೆ ಕೂತು ತಲೆಯಾಡಿಸುತ್ತಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಒಂದು ಸಂಜೆ ಅನುಷಾಳಿಗೂ ಕೇಳಿಸಿತು. ಮೊದಲು ಒಣ ಎಲೆ ಸವರಿದಂಥ ಗೊರಗೊರ. ಆಮೇಲೆ ಸ್ಪೀಕರಿನಿಂದ, ಬಾವಿಯ ತಳದಿಂದ ಬಂದಂತೆ: "ಉರ್ರ್... ಬಾ ಬಾ..."

ಮಂದೆ ಒಮ್ಮೆಲೇ ಗೋಡೆಗೆ ನುಗ್ಗಿತು. ಬಿಡಿಸುವಷ್ಟರಲ್ಲಿ ಎಳೆಯ ಮರಿಯೊಂದು ಕಾಲಡಿ ಸಿಕ್ಕಿ ಸತ್ತಿತ್ತು.

ಅನುಷಾ ಫೋನು ತೆಗೆದು ನೋಡಿದಳು. ಯಾರೂ ಏನನ್ನೂ ಹಾಕಿರಲಿಲ್ಲ. ಹೊತ್ತಿಗೆ ಸರಿಯಾಗಿ ವಿಡಿಯೊ ತಾನಾಗೇ ಶುರುವಾಗುವಂತೆಯೂ ಹೊಂದಿಸಿರಲಿಲ್ಲ. ಅಟ್ಟದ ಸರ್ವರು ಮಾತ್ರ ಒಂದು ಎಚ್ಚರಿಕೆ ಕೊಟ್ಟಿತ್ತು: ರೊಪ್ಪದ ಡಿಸ್ಕು ಕೆಡುತ್ತಿದೆ. ಚಿಕ್ಕರಾಜು ಅವತ್ತೇ ಹೋಗಿ ಕ್ಯಾಮೆರಾದ ವೈರು ಕಿತ್ತುಹಾಕಿದ.

ಮರುದಿನ ಸಂಜೆ ಕುರಿಗಳು ಮತ್ತೆ ಆ ಗೋಡೆಗೇ ಹೋದವು.

"ಆ ಡಬ್ಬೀನೇ ಕಿತ್ತು ಬಾವಿಗಾಕ್ಬುಡ್ತೀನಿ ಅತ್ಲಾಗೆ!" ಎಂದು ಚಿಕ್ಕರಾಜು ಏಣಿ ಹತ್ತಲು ಹೋದ. ಅನುಷಾ ಅವನ ತೋಳು ಹಿಡಿದಳು. "ಅದ್ರಲ್ಲಿ ಅತ್ತೆ ಅವ್ರೆ ಕಣ್ರೀ" ಅಂದುಬಿಟ್ಟಳು. ಚಿಕ್ಕರಾಜು ಏಣಿಯಿಂದ ಹಿಂದೆ ಸರಿದ.

ಅದ್ನಾನ್‌ಗೆ ಫೋನು ಮಾಡಿದಳು. ಕೂಗಿನ ಸುದ್ದಿ ಎತ್ತಲಿಲ್ಲ. ಡಿಸ್ಕು ಕೆಡುತ್ತಿದೆ, ತೆಗೆಯಬೇಕು ಎಂದಳಷ್ಟೇ.

"ಅಕ್ಕಾ, ಹಂಗೇ ಎಳೀಬೇಡಿ" ಎಂದ ಅದ್ನಾನ್. "ತಿರುಗ್ತಾ ಇರೋ ಡಿಸ್ಕ್ ಎಳೆದ್ರೆ ಒಳಗಿನ ತಟ್ಟೆ ಗೀಚಿಹೋಗ್ತದೆ, ಇರೋದೂ ಸಿಗಲ್ಲ. ಮೊದಲು ಬೇಕಾದ್ದು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡ್ಕೊಳ್ಳಿ. ಆಮೇಲೆ ಸ್ಕ್ರೀನಲ್ಲಿ ಎಜೆಕ್ಟ್ ಕೊಡಿ. ಲೈಟ್ ಆರ್ಲಿ, ತಿರುಗೋ ಸದ್ದು ಪೂರಾ ನಿಲ್ಲಲಿ. ಅಲ್ಲೀತನಕ ಕೈ ಹಾಕ್ಬೇಡಿ."

ಮರುದಿನ ಮಧ್ಯಾಹ್ನ ಅನುಷಾ ಲ್ಯಾಪ್‌ಟಾಪ್ ಹಿಡಿದು ಅಟ್ಟ ಹತ್ತಿದಳು. ಹೆಂಚಿನ ಕಾವಿಗೆ ರಾಗಿ ಮೂಟೆಗಳೂ ಬೆಚ್ಚಗಾಗಿದ್ದವು. ಡಿಸ್ಕು ಕಟ್‌ಕಟ್ ಎಂದು ಹಲ್ಲು ಕಡಿಯುತ್ತಿತ್ತು. ಕಾಪಿ ಆಗುವಷ್ಟರಲ್ಲಿ ಬಿಸಿಲು ಇಳಿಯಿತು. ತಿಮ್ಮಮ್ಮನ ವಿಡಿಯೊ ಕೊನೆಗೆ, ತಡವರಿಸುತ್ತ ಬಂತು. ಅನುಷಾ ಎಜೆಕ್ಟ್ ಒತ್ತಿದಳು.

ಆಗುವುದಿಲ್ಲ, ಡಿಸ್ಕು ಬಳಕೆಯಲ್ಲಿದೆ ಎಂದಿತು ಪರದೆ.

ಮನೆಯ ಟಿ.ವಿ., ಫೋನು ಎಲ್ಲ ಆರಿಸಿ ಬಂದು ಮತ್ತೆ ಒತ್ತಿದಳು. ಅದೇ ಉತ್ತರ. ಬಳಸುತ್ತಿರುವವರು ಯಾರೆಂದು ತೆರೆದು ನೋಡಿದಳು. ಇದ್ದದ್ದು ಒಂದೇ ಹೆಸರು: ರೊಪ್ಪದ ಕ್ಯಾಮೆರಾ. ಅದು ಓದುತ್ತಿದ್ದದ್ದು ಒಂದೇ ಫೈಲು: ತಿಮ್ಮಮ್ಮನ ಕೊನೆಯ ಸಂಜೆ.

ಏಣಿ ಇಳಿದು ಅವಳು ರೊಪ್ಪಕ್ಕೆ ಓಡಿದಳು. ಹೊತ್ತು ಮುಳುಗುತ್ತಿತ್ತು. ಕ್ಯಾಮೆರಾದ ವೈರು ಗಂಡ ಕಿತ್ತಂತೆಯೇ ನೇತಾಡುತ್ತಿತ್ತು. ಆದರೆ ಕ್ಯಾಮೆರಾದ ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಮಂದೆಯೆಲ್ಲ ಅತ್ತಲೇ ಮುಖ ಮಾಡಿ ಉಸಿರು ಬಿಗಿಹಿಡಿದಂತೆ ನಿಂತಿತ್ತು. ನಡುವೆ ಕಲ್ಲಿನ ಮೇಲೆ ಹೊನ್ನಯ್ಯ.

"ಮಾವ, ನಿಮ್ಗೂ ಕೇಳ್ತೈತಾ?"

"ದಿನಾ ಕೇಳ್ತೈತೆ ತಾಯಿ. ಕುರಿಗಳ್ನಲ್ಲ ಅವ್ಳು ಕರೀತಿರೋದು. ಅವೇನೋ ತಮ್ಮನ್ನೇ ಅಂತ ತಿಳ್ಕಂಡವೆ." ಹೊನ್ನಯ್ಯನ ದನಿಯಲ್ಲಿ ಭಯವಿರಲಿಲ್ಲ. ಅದೇ ಅನುಷಾಳನ್ನು ಹೆಚ್ಚು ಹೆದರಿಸಿತು. "ನಾನೂ ಎದ್ದು ಹೋಗ್ಬುಡಾನ ಅಂತ ಕುಂತಿವ್ನಿ."

ಅನುಷಾ ಕುರಿಗಳನ್ನು ಸರಿಸಿಕೊಂಡು ಹೋಗಿ ಮಾವನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಹಿಡಿದಳು. ತಣ್ಣಗಿದ್ದವು.

"ಬ್ಯಾಡಿ ಮಾವ. ಅವ್ರು ನಮ್ಮಾತು ಕೇಳಕಿಲ್ಲ, ನಿಮ್ಮಾತು ಕೇಳ್ತಾರೆ. ಸಾಕು ಅಂತ ನೀವೇ ಹೇಳಿ. ನೀವು ಹೇಳ್ದೆ ಅವ್ರು ಆ ಡಿಸ್ಕು ಬುಡಕಿಲ್ಲ."

ಗೋಡೆಯಿಂದ ಗೊರಗೊರ ಶುರುವಾಯಿತು. ಕುರಿಯೊಂದು ಮುಂದಿಡಲು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಿತು. ಆಗ ಹೊನ್ನಯ್ಯ ತಲೆಯ ವಸ್ತ್ರ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಪಕ್ಕದ ಕೋಣೆಯಲ್ಲಿದ್ದವಳಿಗೆ ಹೇಳುವಂತೆ ಹೇಳಿದ:

"ತಿಮ್ಮೀ, ಕುರಿ ಎಲ್ಲಾ ಒಳೀಕೆ ಬಂದವೆ ಕಣೆ. ಯಾವ್ದೂ ಉಳಿದಿಲ್ಲ. ನಾ ನೋಡ್ಕಂಡೀನಿ. ನೀನಿನ್ನು ಹೋಗಿ ಮನೀಕೋ."

ಗೊರಗೊರ ನಿಂತಿತು. ಗೋಡೆಯಿಂದ ಯಾರೋ ಮೂಗು ಸೀಟಿದಂಥ ಒಂದು ಸದ್ದು. ಆಮೇಲೆ ಹಸಿರು ದೀಪ ಆರಿತು. ಮಂದೆ ಒಮ್ಮೆ ಮೈಕೊಡವಿ ಅತ್ತಿತ್ತ ಚದುರಿತು.

ಅನುಷಾ ಅಟ್ಟ ಹತ್ತಿದಾಗ ಪರದೆಯ ಮೇಲೆ ಡಿಸ್ಕನ್ನು ಈಗ ತೆಗೆಯಬಹುದು ಎಂಬ ಸಾಲು ಕಾಯುತ್ತಿತ್ತು. ಅವಳು ಮತ್ತೆ ಒತ್ತಿರಲಿಲ್ಲ. ಡಿಸ್ಕಿನ ದೀಪವೂ ಆರಿತ್ತು. ಆದರೂ ಅದ್ನಾನ್ ಹೇಳಿದಂತೆ ಸದ್ದು ನಿಲ್ಲಲೆಂದು ಡಬ್ಬಿಯ ಮೇಲೆ ಅಂಗೈ ಇಟ್ಟು ಕಾದಳು. ಒಳಗಿನ ತಿರುಗಾಟ ನಿಧಾನವಾಗುತ್ತ, ನಿದ್ದೆ ಹತ್ತಿದವರ ಉಸಿರಿನಂತೆ ತೆಳ್ಳಗಾಗುತ್ತ, ನಿಂತೇ ಹೋಯಿತು. ಆಮೇಲೆ ಅಲುಗಾಡಿಸದೆ ನೇರಕ್ಕೆ ಎಳೆದಳು. ತಿಮ್ಮಮ್ಮನದೇ ಒಂದು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು.

ವಾರದೊಳಗೆ ಅದ್ನಾನ್ ಹೊಸ ಡಿಸ್ಕು ತಂದು ಹಾಕಿ ಕ್ಯಾಮೆರಾ ಸರಿಮಾಡಿಕೊಟ್ಟ. ಹೊನ್ನಯ್ಯ ಮತ್ತೆ ಊಟ ಮಾಡತೊಡಗಿದ, ಹಗಲೆಲ್ಲ ಮಂದೆಯ ಹಿಂದೆ ಹೋಗತೊಡಗಿದ. ಒಂದು ದಿನ ಅವನೇ ಕೇಳಿದ: "ಅವ್ಳ ಕೂಗು ಒಂದ್ಸಲ ಹಾಕವ್ವ."

ಅನುಷಾ ರೊಪ್ಪದಲ್ಲೇ ನಿಂತು ಕಾಪಿ ಮಾಡಿದ್ದ ವಿಡಿಯೊವನ್ನು ಫೋನಿನಲ್ಲಿ ಹಾಕಿದಳು. ಸ್ಪಷ್ಟವಾದ, ಗಟ್ಟಿಯಾದ ಕೂಗು. ಕೊನೆಗೆ ಒಂದು ಕೆಮ್ಮು, "ಅನೂ, ನಾನ್ ಕಾಣ್ತೀನಾ?" ಹೊನ್ನಯ್ಯ ಕಣ್ಣೊರೆಸಿಕೊಂಡು ಸುತ್ತ ನೋಡಿದ.

ಕುರಿಗಳು ಮೆಲುಕು ಹಾಕುತ್ತಿದ್ದವು. ಒಂದೂ ಕಿವಿ ಅಲುಗಿಸಲಿಲ್ಲ.

"ಅವ್ಳ ದನಿಯೇ ಐತೆ. ಇವಕ್ಯಾಕೆ ಕೇಳ್ತಿಲ್ಲ?" ಎಂದ. ಅನುಷಾ ಫೋನು ಆರಿಸಿ, ಮಾವನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು.

ಆ ಗೋಡೆಯ ಬುಡದಲ್ಲಿ ಈಗ ಗರಿಕೆ ದಟ್ಟವಾಗಿ ಬೆಳೆದಿದೆ. ಯಾವ ಕುರಿಯೂ ಅದಕ್ಕೆ ಬಾಯಿ ಹಾಕಿಲ್ಲ.